ಚಂಡೆ, ಮದ್ದಳೆಯ ಮರ

ಯಕ್ಷಗಾನದ ಬಡಗಣ ಶೈಲಿಯಾದ ಬಡಗುತಿಟ್ಟಿನ ಹಿಮ್ಮೇಳದ ಚರ್ಮವಾದ್ಯಗಳಾದ ಚಂಡೆ, ಮದ್ದಳೆಗಳ ಒಡಲಿಗೆ ಬಳಸುವ ಮರದ ಮಾತಿದು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳು ಈ ತಿಟ್ಟಿನ ತವರುಸೀಮೆ; ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೇಳಗಳು ಇಲ್ಲಿಯವು.

ಎಲ್ಲರೂ ಮೊದಲು ನೆನೆಯುವುದು ಹಲಸನ್ನು. ಬಲಿತ ಮರದ ಹಳದಿ ತಿರುಳು ಹದವಾದ ತೂಕದ್ದು, ಕೊರೆಯಲು ಒದಗುತ್ತದೆ, ಗೆದ್ದಲಿಗೆ ಸುಲಭವಾಗಿ ಬಗ್ಗುವುದಿಲ್ಲ. ವೀಣೆಗೂ ಇದೇ ಮರ. ಹಸಿ ಮರ ಮಾತ್ರ ಕೂಡದು: ಒಣಗುತ್ತ ಕುಗ್ಗಿ ಬಿರುಕು ಬಿಟ್ಟರೆ ನಾದ ಒಡೆಯುತ್ತದೆ.

ಮರವೇ ನಾದವೆಂಬ ಮಾತು ಅರ್ಧ ಸತ್ಯ. ಇಲ್ಲಿ ಮೊದಲು ಕಂಪಿಸುವುದು ಮುಚ್ಚಿಗೆ, ಅಂದರೆ ಬಾಯಿಗೆ ಹೊದಿಸಿದ ಚರ್ಮ. ಮುಚ್ಚಿಗೆಯ ಬಿಗಿ, ಮದ್ದಳೆಗಾದರೆ ಅದಕ್ಕೆ ಹಚ್ಚುವ ಕಪ್ಪು ಲೇಪವಾದ ಕರಣೆಯ ಹದವೂ ಸೇರಿ, ಶ್ರುತಿಯನ್ನು ನಿರ್ಧರಿಸುತ್ತವೆ. ಒಡಲಿನ ಪಾಲು ಒಳಗಿನ ಗಾಳಿಯ ಅಳತೆ, ಗೋಡೆಯ ದಪ್ಪ, ಬಿಗಿತವನ್ನು ತಾಳುವ ಗಟ್ಟಿತನ. ಗೋಡೆ ತೆಳುವಾದಷ್ಟೂ ವಾದ್ಯ ಹಗುರ. ಅತಿಯಾದರೆ ಬಿಗಿತಕ್ಕೆ ಸೀಳುವ ಭಯ. ರಾತ್ರಿಯಿಡೀ ಬಾರಿಸುವವನಿಗೆ ಈ ತೂಕದ ಲೆಕ್ಕ ಸಣ್ಣದಲ್ಲ.

ಮರವೇ ನಾದವೆಂಬ ಇಂಥದೇ ವಾದ ಎಲೆಕ್ಟ್ರಿಕ್ ಗಿಟಾರಿನಲ್ಲೂ ಇದೆ. ಅಲ್ಲಿ ತಂತಿಯ ಕಂಪನವನ್ನು ಹಿಡಿಯುವುದು ಕಾಂತದ ಪಿಕಪ್. ಟೊಳ್ಳಿಲ್ಲದ ಒಡಲಿನ ಮಹಾಗನಿ, ಆ್ಯಶ್ ಮರಗಳು ತೂಕವನ್ನು ಖಂಡಿತ ಬದಲಿಸುತ್ತವೆ, ನಾದವನ್ನು ಎಷ್ಟು ಎಂಬುದು ಇನ್ನೂ ಜಗಳದ ವಿಷಯ.

ಕರಾವಳಿಯ ಮಳೆಗಾಲದಲ್ಲಿ ಮುಚ್ಚಿಗೆ ತೇವ ಹೀರಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಯಾವ ಮರವೂ ಇದನ್ನು ತಡೆಯದು, ಮತ್ತೆ ಬಿಗಿಯಲೇಬೇಕು.