ಕಾಮನ್, ಆಂಡ್ರ್ಯೂ ಏನ್ಸ್‌ಲಿ

1841–1903. ಇಂಗ್ಲೆಂಡಿನ ಹವ್ಯಾಸಿ ಖಗೋಳವೀಕ್ಷಕ. ಖಗೋಳ ಛಾಯಾಗ್ರಹಣಕ್ಕೆ ಬುನಾದಿ ಹಾಕಿದವರಲ್ಲೊಬ್ಬ. ವೃತ್ತಿಯಿಂದ ನೈರ್ಮಲ್ಯ ಎಂಜಿನಿಯರ್. ಲಂಡನ್ ಬಳಿಯ ಈಲಿಂಗ್‌ನಲ್ಲಿ ತನ್ನ ಮನೆಯ ತೋಟದಲ್ಲೇ 36 ಅಂಗುಲ ವ್ಯಾಸದ ಕನ್ನಡಿಯುಳ್ಳ ದೂರದರ್ಶಕವನ್ನು ನಿಲ್ಲಿಸಿದ. 1883ರಲ್ಲಿ ಈತ ತೆಗೆದ ಮಹಾವ್ಯಾಧ ನೀಹಾರಿಕೆಯ ಚಿತ್ರ ಖಗೋಳ ಛಾಯಾಗ್ರಹಣದ ದಿಕ್ಕನ್ನೇ ಬದಲಿಸಿತು. ಇಂಥ ಚಿತ್ರಕ್ಕೆ ಛಾಯಾಫಲಕವನ್ನು ಬಹಳ ಹೊತ್ತು ಬೆಳಕಿಗೆ ಒಡ್ಡಬೇಕು; ಆದರೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಸರಿಯುತ್ತಲೇ ಇರುತ್ತವೆ. ದೂರದರ್ಶಕವೂ ಅದೇ ವೇಗದಲ್ಲಿ ಅವನ್ನು ಹಿಂಬಾಲಿಸಬೇಕು. ಆ ನಿಖರತೆ ಸಾಧಿಸಿ ಈತ ಬೆಳಕಿಗೆ ಒಡ್ಡಿದ ಫಲಕದಲ್ಲಿ ದೂರದರ್ಶಕದ ಮೂಲಕ ನೋಡಿದರೂ ಕಣ್ಣಿಗೆ ಕಾಣದ ನಕ್ಷತ್ರಗಳು ಮೂಡಿದವು. ಕ್ಯಾಮೆರಾ ಕಣ್ಣನ್ನು ಮೀರಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿರಲಿಲ್ಲ. 1884ರಲ್ಲಿ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕ ಈತನಿಗೆ ದೊರೆಯಿತು. ಎಡ್ವರ್ಡ್ ಕ್ರಾಸ್ಲಿ ಕೊಂಡ ಆ 36 ಅಂಗುಲದ ದೂರದರ್ಶಕ 1895ರಲ್ಲಿ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯಕ್ಕೆ ಸೇರಿತು.