ಹೊಸಿಲು, ತವರು ಮತ್ತು ಸಮನ್ಸು
1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 15ನೇ ನಿಯಮದಂತೆ, ಪ್ರತಿವಾದಿಯು ಸಿಗದಿದ್ದಲ್ಲಿ ಸಮನ್ಸನ್ನು ಆತನೊಡನೆ ವಾಸಿಸುವ ಕುಟುಂಬದ ವಯಸ್ಕ ಪುರುಷನಿಗೆ ಕೊಡಬಹುದಾಗಿತ್ತು; ಹೆಂಗಸಿಗೆ ಕೊಟ್ಟರೆ ಅದು ಈ ನಿಯಮದಂತೆ ಜಾರಿಯೆನಿಸುತ್ತಿರಲಿಲ್ಲ. ದಿನವೂ ಹೊಸಿಲು ಪೂಜಿಸುವವಳು ಹೆಣ್ಣಾಗಿರುವ ನಾಡಿನಲ್ಲಿ ಇದು ವಿಪರ್ಯಾಸವೇ ಸರಿ. 1976ರ ತಿದ್ದುಪಡಿ ಈ ಭೇದವನ್ನು ಅಳಿಸಿತು. ಸೇವಕನಿಗೆ ಮಾತ್ರ ಇಂದಿಗೂ ಆ ಅರ್ಹತೆಯಿಲ್ಲ.

1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮದ 10ನೇ ಪ್ರಕರಣವೂ ಇದೇ ಸಂಹಿತೆಯನ್ನು ಅನ್ವಯಿಸುತ್ತದೆ. 17ನೇ ನಿಯಮದನ್ವಯ ಅಮೀನನು ಪ್ರತಿವಾದಿ ಸಾಮಾನ್ಯವಾಗಿ ವಾಸಿಸುವ ಮನೆಯ ಹೊರಬಾಗಿಲಿಗೆ ಪ್ರತಿಯನ್ನು ಅಂಟಿಸಿ, ಮನೆಯನ್ನು ಗುರುತಿಸಿಕೊಟ್ಟವರ ಹೆಸರನ್ನೂ ವರದಿಯಲ್ಲಿ ಬರೆಯಬೇಕು. ದಾಂಪತ್ಯ ವ್ಯಾಜ್ಯದ ತೊಡಕು ಇಲ್ಲಿಯೇ ಇದೆ. ಮುನಿದು ತವರು ಸೇರಿದವಳ ವಾಸದ ಮನೆ ಯಾವುದು? ಗಂಡನೇ ಅರ್ಜಿದಾರನಾಗಿ ತನ್ನ ಮನೆಯ ವಿಳಾಸವನ್ನೇ ಕೊಟ್ಟರೆ, ಆ ಬಾಗಿಲಿನ ಕಾಗದವನ್ನು ಓದುವವನೂ ಅವನೇ. ತವರಿನ ಹಾದಿಯನ್ನು ನೂರು ಬಗೆಯಲ್ಲಿ ಹಾಡಿರುವ ನಮ್ಮ ಗರತಿಯರಿಗೆ ಈ ಪ್ರಶ್ನೆ ಹೊಸದೇನಲ್ಲ. ನ್ಯಾಯಾಲಯದ ಕಡತದಲ್ಲಿ ಮಾತ್ರ ಅದು ಏಕಪಕ್ಷೀಯ ಡಿಕ್ರಿಯಾಗಿ ಮುಗಿದುಬಿಡಬಹುದು. ಅಂಥ ಡಿಕ್ರಿಯ ರದ್ದತಿಗೆ 9ನೇ ಆದೇಶದ 13ನೇ ನಿಯಮ ಅವಕಾಶ ಕೊಡುತ್ತದೆ. ಅವಧಿ 30 ದಿನ. ಸಮನ್ಸು ವಿಧಿವತ್ತಾಗಿ ಜಾರಿಯಾಗಿರದಿದ್ದರೆ, ಡಿಕ್ರಿಯ ಸಂಗತಿ ಆಕೆಗೆ ತಿಳಿದ ದಿನದಿಂದ ಎಣಿಕೆ.