ಮಂಡ್ಯ ಸೀಮೆಯ ಬಚ್ಚಲುಮನೆ: ಹಂಡೆಯಿಂದ ಗೀಸರ್‌ವರೆಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಭಾಗದ ಹಳೆಯ ಮನೆಗಳಲ್ಲಿ ಬಚ್ಚಲುಮನೆ ಹಿತ್ತಿಲಿಗೆ ಆತುಕೊಂಡಿರುತ್ತಿತ್ತು. ಒಲೆಗೆ ಮಣ್ಣು ಮೆತ್ತಿ ಕೂರಿಸಿದ ತಾಮ್ರದ ಹಂಡೆ, ತಣ್ಣೀರಿನ ತೊಟ್ಟಿ, ಕೂತು ಮೀಯಲು ಚಪ್ಪಡಿ ಕಲ್ಲು, ಗೋಡೆಯ ಬುಡದಲ್ಲೊಂದು ತೂಬು. ಉಳಿಪೆಟ್ಟಿನ ಒರಟು ಕಲ್ಲಿನ ಮೇಲೆ ಒದ್ದೆಗಾಲು ಸುಲಭಕ್ಕೆ ಜಾರುತ್ತಿರಲಿಲ್ಲ. ಸೀಗೆಪುಡಿ, ಹರಳೆಣ್ಣೆಯ ಜಿಡ್ಡು ಕೂತಾಗ ಮಾತ್ರ ಅಪಾಯ. ಹೊಗೆ ಹೆಂಚಿನ ಸಂದಿಯಿಂದ ಹೊರಹೋಗುತ್ತಿತ್ತಾದರೂ ಒಲೆಯೂದುವ ಹೆಂಗಸರ ಕಣ್ಣು ಉರಿಸದೆ ಬಿಡುತ್ತಿರಲಿಲ್ಲ.

ಉರುವಲು ನೆಲಕ್ಕೆ ತಕ್ಕಂತೆ. ನಾಲೆ ಬಯಲಿನಲ್ಲಿ ಕಬ್ಬಿನ ರವದಿ, ಉಳಿದೆಡೆ ತೆಂಗಿನ ಮಟ್ಟೆ, ಕರಟ. ನೀರೂ ಹಾಗೆಯೇ: ನಾಗಮಂಗಲದ ಒಣಸೀಮೆಯಲ್ಲಿ ಬಾವಿಯಿಂದ ಸೇದಿದ ನೀರನ್ನು ಚೆಂಬಿನ ಲೆಕ್ಕದಲ್ಲೇ ಬಳಸಬೇಕಿತ್ತು.

ದೀಪಾವಳಿಯ ನೀರು ತುಂಬುವ ಹಬ್ಬ ಬಚ್ಚಲುಮನೆಯ ದೊಡ್ಡ ಶುಚಿಕಾರ್ಯವೇ ಆಗಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿ ಹಂಡೆಯ ಕಿಲುಬು ತೆಗೆದು, ಗೋಡೆಗೆ ಸುಣ್ಣ ಕೆಮ್ಮಣ್ಣು ಬಳಿದು, ಹಂಡೆಯ ಕೊರಳಿಗೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತಿದ್ದರು. ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆಸ್ನಾನ.

ಆದರೆ ತೂಬಿನಾಚೆಗೆ ಹೋದ ನೀರಿನ ಬಗ್ಗೆ ಇಷ್ಟು ಕಾಳಜಿ ಇರಲಿಲ್ಲ. ಬಾಳೆ, ಕೆಸುವಿನ ಬುಡಕ್ಕೆ ಹರಿದರೆ ಸರಿ. ಗುಂಡಿಯಲ್ಲಿ ನಿಂತರೆ ಕ್ಯೂಲೆಕ್ಸ್ ಸೊಳ್ಳೆಯ ತವರು. ಮಲೇರಿಯಾ ಹರಡುವ ಅನಾಫಿಲಿಸ್ ಹೆಚ್ಚಾಗಿ ನಾಲೆ, ಗದ್ದೆಯ ನೀರಿನದು. ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತೇ ಬ್ರಿಟಿಷರು 1809ರಲ್ಲಿ ಸೇನೆಯನ್ನು ಬೆಂಗಳೂರಿಗೆ ಸಾಗಿಸಿದರು. ಕನ್ನಂಬಾಡಿ ಕಟ್ಟೆಯ ನಾಲೆ ಹರಿದ ಮೇಲೆ ಮಲೇರಿಯಾ ಮತ್ತೆ ದೊಡ್ಡ ಪಿಡುಗಾಯಿತು. ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅದರ ನಿಯಂತ್ರಣಕ್ಕಿಳಿಯಿತು.

ಕಕ್ಕಸಿಗೆ ಮಾತ್ರ ಮನೆಯೊಳಗೆ ಜಾಗವಿರಲಿಲ್ಲ. ಹಳ್ಳಿಗೆ ಬಯಲೇ ಗತಿ. ಪಟ್ಟಣಗಳ ಮಲವನ್ನು ದಲಿತರ ತಲೆಯ ಮೇಲೆ ಹೊರಿಸಲಾಗುತ್ತಿತ್ತು. ಶುಚಿ ಎನ್ನುವುದರ ಬೆಲೆಯನ್ನು ಅವರಿಂದ ವಸೂಲು ಮಾಡಿದ್ದು ಈ ಚರಿತ್ರೆಯ ಅತ್ಯಂತ ನಾಚಿಕೆಗೇಡಿನ ಭಾಗ. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 2014ರ ಸ್ವಚ್ಛ ಭಾರತ ಯೋಜನೆ ಅರ್ಹ ಗ್ರಾಮೀಣ ಕುಟುಂಬಕ್ಕೆ ಕಕ್ಕಸು ಕಟ್ಟಿಸಲು 12,000 ರೂಪಾಯಿ ಪ್ರೋತ್ಸಾಹಧನ ಕೊಟ್ಟಿತು.

ಈಗ ಸ್ನಾನ, ಶೌಚ ಎರಡೂ ಒಂದೇ ಪುಟ್ಟ ಕೋಣೆಗೆ ಬಂದಿವೆ. ನುಣುಪು ಟೈಲ್ಸ್ ಮೇಲೆ ಮುದುಕರು ಜಾರಿ ಸೊಂಟ ಮುರಿದುಕೊಳ್ಳುತ್ತಾರೆ. ಒರಟು ಟೈಲ್ಸ್, ಗೋಡೆಗೊಂದು ಹಿಡಿಕೆ ಇದಕ್ಕೆ ಪರಿಹಾರ. ಗಾಳಿಯಾಡದ ಕೋಣೆಯಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಒಲೆಯ ಹೊಗೆಯಂತೆ ವಾಸನೆಯಾಗಲಿ ಕಣ್ಣುರಿಯಾಗಲಿ ಇಲ್ಲ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೇ ಇರಬೇಕು.